ಪರದೆಯ ಹಿಂದಿನ ದೆವ್ವಗಳಿಗೆ ಸೋಮವಾರದ ಗಡುವು

“ಇವನ್ನೆಲ್ಲಾ ನಾ ಎಲ್ಲಿ ಒಯ್ದು ಇಡ್ಲಿ?”

ಬೆಳಗಿನ ಐದೂವರೆ. ಕಲಬುರ್ಗಿಯ ಸ್ಟೇಷನ್ ರಸ್ತೆಯ ಉದ್ದನೆಯ ಗೋಡೆಯ ಮುಂದೆ ನಿಂತು ಅಣವೀರಪ್ಪ ಕೇಳುತ್ತಾರೆ. ಜೊತೆಗೆ ಬಂದಿರುವ ಪೇಪರಿನವರನ್ನು ಬಿಟ್ಟರೆ ಸುತ್ತ ಯಾರೂ ಇಲ್ಲ. ಗೋಡೆಗೆ ಕೇಳಿದಂತಿಲ್ಲ, ದೇವರಿಗೆ ಕೇಳಿದಂತೆಯೂ ಇಲ್ಲ. ಉತ್ತರಕ್ಕೆ ಕಾಯದೆ ಸೈಕಲ್ಲಿನ ಹ್ಯಾಂಡಲಿಗೆ ತೂಗುಬಿಟ್ಟ ಡಬ್ಬಿಯಲ್ಲಿ ಕುಂಚ ಅದ್ದುತ್ತಾರೆ, ಗೋಡೆಯ ಮೇಲೆ ಎರಡು ಸಲ ಎಳೆಯುತ್ತಾರೆ. ಹೆಗಲ ಮೇಲಿನ ಸುರುಳಿಯಿಂದ ಒಂದು ಪೋಸ್ಟರ್ ಬಿಡಿಸಿ, ಮೇಲಿನ ಅಂಚನ್ನು ಮೊದಲು ಕೂರಿಸಿ, ಅಂಗೈಯಿಂದ ಕೆಳಕ್ಕೆ ಸವರುತ್ತಾರೆ. ಒಂದು ಸುಕ್ಕೂ ಇಲ್ಲ. ನಾಯಕ ನಾಯಕಿಯರು ನಗುತ್ತ ಗೋಡೆಗೆ ಅಂಟುತ್ತಾರೆ.

ಡಬ್ಬಿಯಲ್ಲಿರುವುದು ಮೈದಾ ಹಿಟ್ಟಿನ ಅಂಟು. ಅದಕ್ಕೆ ಒಂದು ಚಿಟಿಕೆ ಮೈಲುತುತ್ತ. “ಅದನ್ನ ಹಾಕ್ಲಿಲ್ಲಂದ್ರ ಆಡು ತಿಂದು ಹೋಗ್ತಾವ್ರಿ. ಹೀರೋನ ಮಾರಿನೇ ಮೊದಲ ತಿಂತಾವ. ಯಾಕ ಅಂತ ಆಡಿಗೇ ಕೇಳಬೇಕು” ಎನ್ನುತ್ತಾರೆ. ಇಪ್ಪತ್ತೇಳು ವರ್ಷಗಳ ಮೈಲುತುತ್ತದಿಂದ ಅವರ ಉಗುರುಗಳ ಬುಡ ನೀಲಿಗಟ್ಟಿದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಜೋಳದ ರೊಟ್ಟಿ ಮುರಿಯುವಾಗಲೂ ಆ ನೀಲಿ ಕಾಣುತ್ತದೆ.

ಪೋಸ್ಟರ್ ಅಂಟಿಸಿದ ಮೇಲೆ ಅವರು ಅದೇ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಾರೆ. “ಇದರೊಳಗ ಒಬ್ಬಾಕಿ ಮಾಟಗಾತಿ ಅದಾಳ್ರಿ. ಮ್ಯಾಲಿನ ನಾಕು ಪದರು ಸಂಸಾರದ ಸಿನಿಮಾ, ಐದನೇದು ಆಕಿ. ಎಂಬತ್ತೊಂಬತ್ತನೇ ಇಸವಿ. ನಾನೇ ಹಚ್ಚೀನಿ. ಒಂದು ಜೋರ ಮಳಿ ಬಂದಿದ್ರ ಆಕಿನ್ನ ಹೊರಗ ತೆಗೀತಿದ್ದೆ.” ಮಳೆ ಬಿದ್ದ ಮರುದಿನ, ಕಾಗದ ನೆನೆದು ಮೆತ್ತಗಾದಾಗ, ಮೇಲಿನ ಪದರುಗಳನ್ನು ಒಂದೊಂದಾಗಿ ಸುಲಿದು ಒಳಗಿನದನ್ನು ಹರಿಯದಂತೆ ಬಿಡಿಸಿಕೊಳ್ಳುವುದು ಅವರ ವಿದ್ಯೆ. ಊರಿನ ಯಾವ ಗೋಡೆಯಲ್ಲಿ ಯಾವ ದೆವ್ವ ಎಷ್ಟನೇ ಪದರಿನಲ್ಲಿದೆ ಎಂಬುದು ಅವರಿಗೆ ಬಾಯಿಪಾಠ. ಈ ವರ್ಷ ಆಷಾಢ ಮುಗಿಯುತ್ತ ಬಂದರೂ ಅಂಥ ಮಳೆ ಬಂದಿಲ್ಲ.

ಬಂದಿದ್ದರೂ ಇಡುವುದಕ್ಕೆ ಈಗ ಜಾಗವಿಲ್ಲ. ಬೆಳಗಿನ ಪ್ರಶ್ನೆಯ ಹಿಂದಿರುವುದು ಅದೇ.

ಅಣವೀರಪ್ಪ ಹೆದರಿಕೆಯ ಚಿತ್ರಗಳನ್ನು ಕೂಡಿಸುತ್ತಾರೆ. ಭೂತದ ಸಿನಿಮಾಗಳ ಪೋಸ್ಟರುಗಳು, ಟಾಕೀಸಿನ ಗಾಜಿನ ಪೆಟ್ಟಿಗೆಯಲ್ಲಿ ತೂಗುಹಾಕುತ್ತಿದ್ದ ಫೋಟೋ ಕಾರ್ಡುಗಳು, ಬಸ್ ಸ್ಟ್ಯಾಂಡಿನ ಬಾಡಿಗೆ ಪುಸ್ತಕದಂಗಡಿ ಮುಚ್ಚುವಾಗ ಸಿಕ್ಕ ಹಿಂದಿ ಭೂತದ ಕಾಮಿಕ್ಸುಗಳು, ರೋಜಾ ದರ್ಗಾದ ಉರುಸಿನ ಅಂಗಡಿಗಳಲ್ಲಿ ಕೊಂಡ ನಾಲಗೆ ಚಾಚಿದ ರಬ್ಬರ್ ಮುಖವಾಡಗಳು, ಚೂಯಿಂಗ್ ಗಮ್ಮಿನ ಜೊತೆ ಬರುತ್ತಿದ್ದ ತೋಳಮನುಷ್ಯನ ಸ್ಟಿಕ್ಕರುಗಳು. ಮೂರು ಕಬ್ಬಿಣದ ಟ್ರಂಕು, ಹನ್ನೊಂದು ಪ್ಲೈವುಡ್ ಹಲಗೆ; ಅವುಗಳಲ್ಲಿ ಹತ್ತಕ್ಕೆ ದೊಡ್ಡ ಪೋಸ್ಟರು ಅಂಟಿಸಿದೆ. ಇವೆಲ್ಲ ಹದಿನೆಂಟು ವರ್ಷಗಳಿಂದ ಶಬನಂ ಟಾಕೀಸಿನ ಬಿಳಿ ಪರದೆಯ ಹಿಂದಿನ ಕಿರಿದಾದ ಜಾಗದಲ್ಲಿವೆ. ಮುಂದೆ ಸಿನಿಮಾ ಓಡುತ್ತಿದ್ದರೆ ಹಿಂದೆ ಇವು ಕತ್ತಲಲ್ಲಿ ಸುಮ್ಮನೆ ನಿಂತಿರುತ್ತಿದ್ದವು.

ಶಬನಂ ಟಾಕೀಸು ಮುಚ್ಚಿ ನಾಲ್ಕು ತಿಂಗಳಾಗಿದೆ. ಸೋಮವಾರದಿಂದ ಒಡೆಯುತ್ತಾರೆ.

“ನಂಗೇನ್ ಖುಷಿ ಅದ ಅಂತೀರೇನು?” ಎನ್ನುತ್ತಾರೆ ಮ್ಯಾನೇಜರ್ ಗುಲಾಮ್ ರಸೂಲ್. ಖಾಲಿ ಟಾಕೀಸಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಅವರು ಈಗಲೂ ಮ್ಯಾಟಿನಿಯ ಹೊತ್ತಿಗೆ ಬಂದು ಕೂರುತ್ತಾರೆ. “ಮಾಲಕರ ಹುಕುಂ ಅದ. ಸೋಮವಾರ ಮುಂಜಾನಿ ಮಷೀನ್ ಬರ್ತದ. ನಾನೇ ಈ ಕುರ್ಚಿ ಎಲ್ಲಿ ಹಾಕ್ಕೋಬೇಕಂತ ತಿಳೀವಲ್ದು, ಇವನ ಶೈತಾನರನ್ನ ಎಲ್ಲಿಡ್ಲಿ? ಏ ಅಣವೀರ, ನಿನ್ನ ಮಂದಿನ್ನ ಜಲ್ದಿ ಕರ್ಕೊಂಡು ಹೋಗಪಾ.”

“ಹದಿನೆಂಟ ವರ್ಷ ಟಿಕೀಟ್ ಇಲ್ಲದ ಕುಂತಾರ, ಹೆಂಗ ಎಬ್ಬಿಸ್ಲಿ?” ಎನ್ನುತ್ತಾರೆ ಅಣವೀರಪ್ಪ. ಇಬ್ಬರೂ ನಗುತ್ತಾರೆ.

ಅಣವೀರಪ್ಪನವರ ತಂದೆ ಹತ್ತಿ ಮಿಲ್ಲಿನ ಹಮಾಲರು. ಶ್ರಾವಣ ಬಂದರೆ ಸಂಜೆ ಮಗನ ಕೈ ಹಿಡಿದು ಶರಣಬಸವೇಶ್ವರ ಗುಡಿಗೆ ಪುರಾಣ ಕೇಳಲು ಹೋಗುತ್ತಿದ್ದರು. ಪುರಾಣ ಹೇಳುವವರು ದೇವರ ವರ್ಣನೆಗೆ ಬಂದಾಗ ಕಣ್ಣು ಮುಚ್ಚುತ್ತಿದ್ದರು. ರಕ್ಕಸನ ವರ್ಣನೆಗೆ ಬಂದಾಗ ಎದ್ದು ನಿಲ್ಲುತ್ತಿದ್ದರು. ದನಿ ಏರುತ್ತಿತ್ತು, ಪದ್ಯ ಕುದುರೆಯಂತೆ ಓಡುತ್ತಿತ್ತು. “ಕೋರಿ ಹಲ್ಲು, ಕೆಂಡದ ಕಣ್ಣು, ಗುಡ್ಡದಂಥ ಮೈ. ಮಂದಿ ದೇವರಿಗೆ ಕೈ ಮುಗೀತಿದ್ರು, ರಕ್ಕಸಗ ಬಾಯಿ ತೆರೀತಿದ್ರು. ನನಗ ಅಂವ ಪಾಪ ಅನಸ್ತಿತ್ರಿ. ಇಷ್ಟು ಚಂದ ಹೇಳ್ತಾರ, ಆಮ್ಯಾಲ ಕೊಂದೇ ಬಿಡ್ತಾರ.” ಕೊಂದ ಮೇಲೆ ಮಂಗಳಾರತಿ. ಮನೆಗೆ ಬಂದು ಹುಡುಗ ಇದ್ದಿಲಿನಿಂದ ಗೋಡೆಯ ಮೇಲೆ ಸತ್ತವನನ್ನು ಮತ್ತೆ ಬರೆಯುತ್ತಿದ್ದ.

ಹತ್ತೊಂಬತ್ತನೇ ವಯಸ್ಸಿಗೆ ಶಬನಂ ಟಾಕೀಸು ಸೇರಿದರು. ಮುಂಜಾನೆ ಪೋಸ್ಟರ್, ಮಧ್ಯಾಹ್ನ ಕಟೌಟ್ ಬರೆಯುವುದು. ದಿನಕ್ಕೆ ನೂರಿಪ್ಪತ್ತು ಪೋಸ್ಟರು, ಸೈಕಲ್ಲಿನ ಮೇಲೆ ಹದಿನಾರು ಕಿಲೋಮೀಟರು. ವಾರಕ್ಕೊಂದು ಸಲ ಬಸ್ಸಿನ ಮೇಲೆ ಸೈಕಲ್ ಹಾಕಿಕೊಂಡು ಕಮಲಾಪುರದ ಸಂತೆಯ ಗೋಡೆಗಳಿಗೆ ಮೂವತ್ತು. ಈಗ ಉಳಿದೆರಡು ಟಾಕೀಸುಗಳಿಂದ ದಿನಕ್ಕೆ ಹದಿನೈದು ಪೋಸ್ಟರು ಸಿಕ್ಕರೆ ಹೆಚ್ಚು. ಕಟೌಟ್ ಬರೆಯುವವರನ್ನು ಕೇಳುವವರಿಲ್ಲ. ಮಷಿನ್ನಿನಲ್ಲಿ ಅಚ್ಚಾದ ಫ್ಲೆಕ್ಸ್ ಹೈದರಾಬಾದಿನಿಂದ ಸುತ್ತಿಕೊಂಡು ಬರುತ್ತದೆ. ಅದಕ್ಕೆ ಅಂಟೂ ಬೇಡ, ಆಡಿನ ಭಯವೂ ಇಲ್ಲ.

ಎಂಬತ್ತರ ದಶಕ ಭೂತದ ಸಿನಿಮಾಗಳ ಕಾಲ. ಒಂದು ಚಿತ್ರದ ಪ್ರಚಾರಕ್ಕೆಂದು ಟಾಕೀಸಿನವರು ಪ್ಯಾಕಿಂಗ್ ಕಟ್ಟಿಗೆಯ ಶವಪೆಟ್ಟಿಗೆ ಮಾಡಿಸಿ ಟಿಕೆಟ್ ಕಿಟಕಿಯ ಹತ್ತಿರ ಇಟ್ಟಿದ್ದರು. ಮುಖಕ್ಕೆ ಸುಣ್ಣ ಬಳಿದುಕೊಂಡು ಅದರಲ್ಲಿ ಮಲಗಿದವರು ಅಣವೀರಪ್ಪ. ಮೂರು ವಾರ, ಪ್ರತಿ ಮ್ಯಾಟಿನಿ. ಹಳ್ಳಿಯಿಂದ ಬಂದ ಅಜ್ಜಿಯೊಬ್ಬರು ನಿಜವಾದ ಹೆಣವೆಂದು ತಿಳಿದು ಹಣೆಗೆ ವಿಭೂತಿ ಹಚ್ಚಿ, “ಪಾಪ, ಯಾರ ಮಗನೋ” ಎಂದು ಅತ್ತರಂತೆ. “ನಾ ಖರೇ ಸತ್ತಾಗ ಅಷ್ಟು ಅಳವರ ಇರ್ತಾರೋ ಇಲ್ಲೋ” ಎನ್ನುತ್ತಾರೆ.

ಜಾಗಕ್ಕಾಗಿ ಅವರು ಕೇಳದವರಿಲ್ಲ. ಒಂದು ಶಾಲೆಯ ಹೆಡ್ಮಾಸ್ತರರು ಮಕ್ಕಳು ಹೆದರುತ್ತಾರೆ ಎಂದರು. ಹಳೆಯ ವಸ್ತುಗಳನ್ನಿಡುವ ಒಂದು ಕಚೇರಿಯವರು ನಾಲ್ಕು ಸಲ ಕರೆಸಿ, ಕಲ್ಲಿನದಾದರೆ ನೋಡಬಹುದಿತ್ತು, ಕಾಗದದ್ದು ಆಗುವುದಿಲ್ಲ ಎಂದರು. ಮನೆ ಎಂದರೆ ಒಂದೇ ಕೋಣೆ. ಮಳೆಗಾಲದಲ್ಲಿ ಗೋಡೆಯಿಂದ ನೀರು ಜಿನುಗುತ್ತದೆ. ಹೆಂಡತಿ ವಿಮಲಾಬಾಯಿ ರೊಟ್ಟಿ ಬಡಿಯುತ್ತಲೇ ಹೇಳುತ್ತಾರೆ: “ಪೂಜಿ ಜಗಲಿ ಮ್ಯಾಲ ದೇವರೇ ಒತ್ತಿ ಒತ್ತಿ ಕುಂತಾವ್ರಿ. ದೆವ್ವಗಳ್ನ ನನ್ನ ತಲಿ ಮ್ಯಾಲ ಕೂಡಿಸ್ಕೋಬೇಕಷ್ಟ. ನಾ ಬ್ಯಾಡ ಅಂದಿಲ್ಲ, ಮನಿನೇ ಬ್ಯಾಡ ಅಂತದ.”

ಉಳಿದಿರುವುದು ಒಂದೇ ಜಾಗ. ಕಮಲಾಪುರದಲ್ಲಿ ತಂಗಿ ಸೂಗಮ್ಮನ ಮನೆಯ ಹಿಂದೆ ಕೆಂಪು ಬಾಳೆಗೊನೆ ಹಣ್ಣಿಗೆ ಹಾಕುತ್ತಿದ್ದ ತಗಡಿನ ಶೆಡ್ಡು. ಈಗ ವ್ಯಾಪಾರಿಗಳು ಕಾಯನ್ನೇ ಒಯ್ಯುವುದರಿಂದ ಅದು ಖಾಲಿ ಬಿದ್ದಿದೆ. ಆದರೆ ಆ ಮನೆಗೆ ಅಣವೀರಪ್ಪ ಹಬ್ಬಕ್ಕೆ ಕುಬಸದ ಬಟ್ಟೆ ಕೊಡಲು ಹೋಗುತ್ತಾರೆ, ಕೊಟ್ಟು ಹೊಸ್ತಿಲಿನಿಂದಲೇ ತಿರುಗುತ್ತಾರೆ. ತಂಗಿ ಮದುವೆಯಾಗಿ ಹೋದ ಹದಿಮೂರು ವರ್ಷಗಳಿಂದ ಹಾಗೇ ಇದೆ.

ಕಾರಣ, ಪರದೆಯ ಹಿಂದೆ ಎಲ್ಲಕ್ಕಿಂತ ಕೊನೆಗೆ ಗೋಡೆಗೆ ಮುಖ ಮಾಡಿ ನಿಂತಿರುವ ಹನ್ನೊಂದನೆಯ ಹಲಗೆ.

ಎಂಬತ್ನಾಲ್ಕರಲ್ಲಿ ಒಂದು ಹೆಣ್ಣು ದೆವ್ವದ ಸಿನಿಮಾ ಬಂತು. ಇಪ್ಪತ್ತೆರಡು ಅಡಿಯ ಕಟೌಟ್ ಶುಕ್ರವಾರದೊಳಗೆ ನಿಲ್ಲಬೇಕು. ನೋಡಿ ಬರೆಯಲು ಕಳಿಸಿದ್ದ ಫೋಟೋ ಲಾರಿಯಲ್ಲಿ ನೆನೆದು ಮುಖವೇ ಅಳಿಸಿಹೋಗಿತ್ತು. ಮೈ, ಸೀರೆ, ಕೂದಲು ಎಲ್ಲ ಬರೆದರು. ಮುಖ ಮಾತ್ರ ಖಾಲಿ ಉಳಿಯಿತು. ಅಂದು ಬೆಳಿಗ್ಗೆ ಮನೆಯಲ್ಲಿ ತಂಗಿ ಕೂದಲು ಬಿಚ್ಚಿಕೊಂಡು ಹೊಸ್ತಿಲಲ್ಲಿ ನಿಂತು, ಊಟಕ್ಕೂ ಬಾರದ ಅಣ್ಣನನ್ನು ಬೈದಿದ್ದಳು. ಇಪ್ಪತ್ತು ವರ್ಷದ ಹುಡುಗಿ. “ನಾ ಬೇಕಂತ ಮಾಡ್ಲಿಲ್ರಿ. ಕೈ ತಾನ ಬರೀತು. ಕಣ್ಣು ಮುಗಿಸಿ ಕೆಳಗಿಳಿದು ನೋಡ್ದೆ. ಆಕಿನೇ. ಅಳಿಸಬೇಕಿತ್ತು. ಆದ್ರ ಅಂಥ ಕಣ್ಣು ನಾ ಅದರ ಮುಂಚೆ ಬರದಿದ್ದಿಲ್ಲ, ಆಮ್ಯಾಲೂ ಬರದಿಲ್ಲ.”

ಅಳಿಸಲಿಲ್ಲ. ಕಟೌಟ್ ಮೇಲೇರಿತು. ಓಣಿಯ ಹೆಂಗಸರು ನೀರಿನ ನಲ್ಲಿಯ ಹತ್ತಿರ, “ಏನವ್ವಾ ಸೂಗಿ, ಟಾಕೀಸಿನ ಮ್ಯಾಲ ನಿಂತಿದ್ದಿ, ಇಲ್ಯಾವಾಗ ಇಳಿದ್ ಬಂದಿ?” ಎಂದು ಕೇಳತೊಡಗಿದರು. ಆ ವಾರವೇ ಆಳಂದದ ಕಡೆಯಿಂದ ಹುಡುಗಿ ನೋಡಲು ಬಂದವರು ಬಸ್ಸಿಳಿದು ನಡೆದದ್ದು ಅದೇ ಕಟೌಟಿನ ಕೆಳಗಿನಿಂದ. ಮನೆಗೆ ಬಂದು ಕೂತರು. ಸೂಗಮ್ಮ ಚಹಾದ ತಟ್ಟೆ ಹಿಡಿದು ಹೊರಗೆ ಬಂದಾಗ ಹುಡುಗನ ತಾಯಿ ತಟ್ಟೆ ಮುಟ್ಟದೆ ಎದ್ದರು. ತಂದೆ ತೀರಿಕೊಂಡಿದ್ದರು, ಮದುವೆ ಮಾಡಿಕೊಡಬೇಕಾದವರು ಅಣ್ಣನೇ. ಆರು ವರ್ಷ ಯಾವ ಮನೆಯೂ ಕೂಡಿಬರಲಿಲ್ಲ. ಕೊನೆಗೆ ಸೂಗಮ್ಮ ಕಮಲಾಪುರದ, ಹೆಂಡತಿ ಸತ್ತ ರೈತರೊಬ್ಬರ ಮನೆ ತುಂಬಿದರು.

ಸಿನಿಮಾ ಮೂರೇ ವಾರ ಓಡಿತು. ಕಟೌಟ್ ಇಳಿಸಿ ಕಟ್ಟಿಗೆಯನ್ನು ಒಲೆಗೆ ಹಂಚುವಾಗ ಅಣವೀರಪ್ಪ ಮುಖವನ್ನಷ್ಟೇ ಗರಗಸದಿಂದ ಕೊಯ್ದು ತೆಗೆದಿಟ್ಟರು. ನಾಲ್ಕಡಿಯ ಹಲಗೆ. ಬ್ಯಾಟರಿ ಬೆಳಕು ಬಿಟ್ಟು ನೋಡಿದರೆ, ಹತ್ತಿರದಿಂದ ಹೆದರಿಕೆ ಬರುವುದಿಲ್ಲ. ಬಣ್ಣ ಅಲ್ಲಲ್ಲಿ ಚಕ್ಕೆ ಎದ್ದಿದೆ. ಹಸಿದ ಅಣ್ಣನ ಮೇಲೆ ಸಿಟ್ಟಾದ ಹುಡುಗಿಯೊಬ್ಬಳು ನೋಡುತ್ತಿದ್ದಾಳೆ, ಅಷ್ಟೇ. ಆ ವಯಸ್ಸಿನ ಸೂಗಮ್ಮನ ಫೋಟೋ ಒಂದೂ ಇಲ್ಲ ಎಂದು ವಿಮಲಾಬಾಯಿ ಹೇಳುತ್ತಾರೆ.

ಭಾನುವಾರ. ಗಡುವಿಗೆ ಒಂದೇ ದಿನ. ಅಣವೀರಪ್ಪ ಹತ್ತು ಗಂಟೆಯ ಬಸ್ಸಿಗೆ ಕಮಲಾಪುರಕ್ಕೆ ಹೊರಡುತ್ತಾರೆ. ದಾರಿಯುದ್ದಕ್ಕೂ ಕಿಟಕಿಯಾಚೆಯ ಗೋಡೆಗಳನ್ನು ಎಣಿಸುವಂತೆ ನೋಡುತ್ತಾರೆ.

ಸೂಗಮ್ಮ ಅಂಗಳದಲ್ಲಿ ಕುಳಿತು ಅಗಸೆ ಬೀಜ ಆರಿಸುತ್ತಿದ್ದಾರೆ. ಮೂವತ್ತೊಂಬತ್ತರ ವಯಸ್ಸಿಗೇ ಕೂದಲು ಅರ್ಧ ಬೆಳ್ಳಗಾಗಿದೆ. ಹಬ್ಬವಿಲ್ಲದೆ ಬಂದ ಅಣ್ಣನನ್ನು ನೋಡಿ ಮೊರ ಕೆಳಗಿಡುತ್ತಾರೆ. ಚಾಪೆ ಹಾಸುತ್ತಾರೆ, ಚಿಪ್ಪಿನಿಂದ ಎರಡು ಕೆಂಪು ಬಾಳೆಹಣ್ಣು ಮುರಿದು ಮುಂದಿಡುತ್ತಾರೆ. ಜೊತೆಗೆ ಬಂದಿರುವುದು ಪೇಪರಿನವರೆಂದು ತಿಳಿದಾಗ, “ಬರೀಲಿ. ಊರೆಲ್ಲ ಆಗಲೇ ನೋಡ್ಯಾದ” ಎಂದಷ್ಟೇ ಹೇಳುತ್ತಾರೆ.

ಅಣವೀರಪ್ಪ ಸೋಮವಾರದ ಸುದ್ದಿ ಹೇಳುತ್ತಾರೆ. ಶೆಡ್ಡು ಕೇಳುತ್ತಾರೆ. “ಮೂರು ಟ್ರಂಕು, ಒಂದಿಷ್ಟು ಹಲಗಿ. ಮೂಲ್ಯಾಗ ಇಡ್ತೀನಿ. ನಿನಗ ಕಾಣಂಗ ಇಡಂಗಿಲ್ಲ.”

“ಶೆಡ್ಡು ಖಾಲಿ ಅದ, ತಂದು ಇಡು” ಎನ್ನುತ್ತಾರೆ ಸೂಗಮ್ಮ. ಇಷ್ಟು ಬೇಗ ಒಪ್ಪುತ್ತಾರೆಂದು ಅಣ್ಣ ಎಣಿಸಿರಲಿಲ್ಲ. ಹಣ್ಣು ಹಿಡಿದ ನೀಲಿ ಉಗುರಿನ ಕೈ ಅಲ್ಲೇ ನಿಲ್ಲುತ್ತದೆ.

“ನಮ್ಮ ಮನಿಯವ್ರು ಟ್ರಾಕ್ಟರ್ ಕಳಸ್ತಾರ. ನಾ ಹೇಳ್ತೀನಿ. ಎಲ್ಲಾ ದೆವ್ವ ತಾ, ನಾನೇ ದಿನಾ ಕಸಾ ಹೊಡಿತೀನಿ ಬೇಕಾದ್ರ.” ಸೂಗಮ್ಮ ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಳ್ಳುತ್ತಾರೆ. ಮುಖ ಎತ್ತುವುದಿಲ್ಲ. “ಅದು ಅದ ಏನು ಇನ್ನಾ?”

“ಅದ” ಎನ್ನುತ್ತಾರೆ ಅಣವೀರಪ್ಪ.

“ನಂಗೊತ್ತಿತ್ತು. ಅದನ್ನ ಮೊದಲ ತಾ. ನೀರೊಲಿಗೆ ಹಾಕೋಣು. ನನ್ನ ಕೈಲೇ ಹಾಕ್ತೀನಿ. ಅದೊಂದು ಉರದು ಹೋಗ್ಲಿ, ಉಳಿದದ್ದಕ್ಕ ಈ ಮನ್ಯಾಗ ನಾ ಇರೋತನಕ ಜಗಾ ಅದ. ನೀನೂ ಒಳಗ ಬಾ, ಊಟ ಮಾಡು. ಹತ್ತೊಂಬತ್ತು ವರ್ಷ ಆತು ಅಣ್ಣಾ, ನಾ ಏನೂ ಬೇಡಿಲ್ಲ. ಇದೊಂದು ಕೊಡು.”

ಅಂಗಳದಾಚೆ ಶೆಡ್ಡಿನ ಬಾಗಿಲು ತೆರೆದೇ ಇದೆ. ಒಳಗೆ ಒಣ ನೆಲ, ಗೋಡೆಗೆ ಒರಗಿಸಿದ ಏಣಿ, ಇನ್ನೂ ಆರದ ಬಾಳೆಹಣ್ಣಿನ ವಾಸನೆ. ಮೂರು ಟ್ರಂಕು, ಹತ್ತು ಹಲಗೆ ಇಟ್ಟರೂ ಅರ್ಧ ಜಾಗ ಉಳಿಯುತ್ತದೆ. ಅಣವೀರಪ್ಪ ಅದನ್ನೇ ಬಹಳ ಹೊತ್ತು ನೋಡುತ್ತಾರೆ. ಆಮೇಲೆ ಸುಲಿಯದ ಹಣ್ಣನ್ನು ಚಾಪೆಯ ಮೇಲೆ ಮೆಲ್ಲಗೆ ಇಟ್ಟು ಎದ್ದು ನಿಲ್ಲುತ್ತಾರೆ.

“ಉಳಿದದ್ದೆಲ್ಲಾ ಮಂದಿ ಮಾಡಿದ್ದು, ನಾ ಬರೇ ಕೂಡಿಸಿದ್ದು. ಮಷೀನ್ ಬಂದು ತುಳದ್ರ ತುಳೀಲಿ” ಎನ್ನುತ್ತಾರೆ. “ಅದನ್ನ ಕೊಡಂಗಿಲ್ಲ, ಸೂಗವ್ವಾ.”