ಎಂಎಲ್ಎ ಸಾಹೇಬರ ರಬ್ಬರ್ ಬಿಲ್ಲೆ

ಹಾಲೆಂಡಿನ ನ್ಯೂವೆಗೈನ್ ಊರಿನ ನಮ್ಮ ಅಡುಗೆಮನೆಯಲ್ಲಿ, ಲಟ್ಟಣಿಗೆಯ ಪಕ್ಕದ ಮೊಳೆಗೆ, ಅಂಗೈಯಗಲದ ಒಂದು ಕೆಂಪು ರಬ್ಬರ್ ಬಿಲ್ಲೆ ನೇತಾಡುತ್ತಿದೆ. ಬಿಗಿದು ಕೂತ ಬಾಟಲಿಯ ಮೇಲೆ ಅದನ್ನಿಟ್ಟು ತಿರುವಿದರೆ, ಎಂಥ ಬಲಶಾಲಿಗೂ ಜಗ್ಗದ ಮುಚ್ಚಳ ಮೆತ್ತಗೆ ‘ಟಪ್’ ಎಂದು ಸೋಲೊಪ್ಪಿಕೊಳ್ಳುತ್ತದೆ. ಬಿಲ್ಲೆಯ ಮೇಲೆ ಅಮೆರಿಕದ ಒಬ್ಬ ರಾಜಕಾರಣಿಯ ಹೆಸರಿತ್ತು. ನಮ್ಮ ಎಣ್ಣೆಗೈಗಳ ದೆಸೆಯಿಂದ ಅದು ಅಳಿಸಿ, ‘ನಿಮ್ಮ ಮತ ನನಗೇ ಇರಲಿ’ ಎಂಬರ್ಥದ ಸಾಲು ಮಾತ್ರ ಉಳಿದಿದೆ. ಓದುಗ ಮಿತ್ರರೇ, ಚುನಾವಣೆಗೆ ಸೀರೆ, ಕುಕ್ಕರ್ ಹಂಚಿದವರ ಕಥೆಗಳನ್ನು ನೀವೂ ಕೇಳಿದ್ದೀರಿ, ನಾನೂ ಕೇಳಿದ್ದೇನೆ. ಮುಚ್ಚಳ ತೆಗೆಯುವ ಬಿಲ್ಲೆ ಹಂಚಿ ಗೆದ್ದವರು ನಾನು ಕಂಡಂತೆ ಇವರೊಬ್ಬರೇ.

ನನ್ನ ಅಕ್ಕ ಅಮೆರಿಕದ ನಡುಭಾಗದ ಒಂದು ಸಣ್ಣ ಊರಿನಲ್ಲಿದ್ದಾಳೆ. ಈ ಮಹನೀಯರು ಅವಳ ಬೀದಿಯವರು. ದನದ ಮೇವಿನ ಅಂಗಡಿ ಇಟ್ಟಿದ್ದವರು ಶಾಲಾ ಮಂಡಳಿಗೆ ನಿಂತು, ಅಲ್ಲಿಂದ ರಾಜ್ಯದ ಶಾಸನಸಭೆಗೆ ಹೋಗಿ, ಹದಿನಾರು ವರ್ಷ ಕೂತು ನಿವೃತ್ತರಾದವರು. ಹಾಗಾಗಿ ಅಕ್ಕನ ಬಾಯಲ್ಲಿ ‘ನಮ್ಮ ಎಂಎಲ್ಎ’. ಅಪ್ಪಟ ಸಂಪ್ರದಾಯವಾದಿ. ಹೊಸ ತೆರಿಗೆ ಬೇಡ, ಲಾಟರಿ ಬೇಡ, ಭಾನುವಾರ ಹೆಂಡದಂಗಡಿ ಬೇಡ, ಬಂದೂಕಿನ ತಂಟೆಗೆ ಸರ್ಕಾರ ಬರುವುದು ಬೇಡ, ಹೊರಗಿನಿಂದ ಜನ ಇಷ್ಟೊಂದು ಬರುವುದೂ ಬೇಡ. ಸರ್ಕಾರಿ ಕೆಲಸಕ್ಕೆಲ್ಲ ಇಂಗ್ಲಿಷ್ ಒಂದೇ ಸಾಕು ಎಂಬ ಮಸೂದೆಯನ್ನೂ ಮಂಡಿಸಿ ಸೋತಿದ್ದರು. ‘ಬೇಡ’ದ ಗುಂಡಿ ಒತ್ತಿ ಒತ್ತಿ ಅವರ ಬೆರಳು ಸವೆದಿದೆ ಎಂದು ಊರಿನವರು ತಮಾಷೆ ಮಾಡುತ್ತಿದ್ದರಂತೆ. ಅವರು ಮುಂದೆ ನಿಂತು ಪಾಸು ಮಾಡಿಸಿದ ಕಾನೂನು ಒಂದೇ: ಮನೆಯಲ್ಲಿ ಮಾಡಿದ ಜಾಮು, ಉಪ್ಪಿನಕಾಯಿಗಳನ್ನು ಸಂತೆಯಲ್ಲಿ ಮಾರಲು ಲೈಸೆನ್ಸ್ ಬೇಡ. ಅದೂ ‘ಬೇಡ’ವೇ, ನೋಡಿ! ಆದರೆ ಆ ಒಂದು ‘ಬೇಡ’ದಿಂದ ಅಕ್ಕ ಶನಿವಾರದ ಸಂತೆಯಲ್ಲಿ ನಿಂಬೆ ಉಪ್ಪಿನಕಾಯಿ ಮಾರುವಂತಾಯಿತು. ಉಳಿದ ಎಲ್ಲ ವಿಷಯಕ್ಕೂ ಅವರೊಡನೆ ಜಗಳವಾಡುವ ಅಕ್ಕ, ಪ್ರತಿ ವರ್ಷ ಮೊದಲ ಬಾಟಲಿಯನ್ನು ಅವರ ಮನೆಗೇ ಕೊಡುತ್ತಾಳೆ.

ಎರಡು ವರ್ಷದ ಹಿಂದೆ, ಯುಗಾದಿ ಹತ್ತಿರವಿದ್ದಾಗ, ಅಕ್ಕನ ಫೋನು ಬಂತು. “ನಮ್ಮ ಎಂಎಲ್ಎ ನಿಮ್ಮ ಕಡೆ ಬರ್ತಿದಾರೆ ಕಣೇ. ಅವರ ಮುತ್ತಜ್ಜ ಹಾಲೆಂಡ್‌ನೋರಂತೆ. ಆ ಮುತ್ತಜ್ಜ ಹೋಗ್ತಿದ್ದ ಚರ್ಚಲ್ಲಿ ಒಂದು ಭಾನುವಾರ ಕೂತು ಬರ್ಬೇಕು ಅಂತ ಆಸೆ. ನಿಮ್ಮನೆ ಹತ್ರಾನೇ ಇದೆ. ಕರ್ಕೊಂಡು ಹೋಗ್ತೀಯಾ?” ಅವಳು ಹೇಳಿದ ವಿಳಾಸವನ್ನು ಇನ್ನೊಮ್ಮೆ ಹೇಳಿಸಿದೆ. ಅಲ್ಲಿ ಚರ್ಚು ಮುಚ್ಚಿ ಎಷ್ಟೋ ವರ್ಷವಾಗಿತ್ತು. ಕಟ್ಟಡ ಬಡಾವಣೆಯ ಸಮುದಾಯ ಭವನವಾಗಿತ್ತು, ಭಾನುವಾರಗಳಂದು ಅಲ್ಲಿ ನಡೆಯುತ್ತಿದ್ದದ್ದು ನಮ್ಮ ಮಕ್ಕಳ ಕನ್ನಡ ಶಾಲೆ! ‘ಅಲ್ಲೀಗ ಚರ್ಚಿಲ್ಲ’ ಎಂದರೆ ಮುಗಿಯುತ್ತಿತ್ತು. ನಮ್ಮ ಡಚ್ ನೆರೆಯವರಾಗಿದ್ದರೆ ಕಾಫಿ ಆರುವುದರೊಳಗೆ ಹೇಳಿ ಮುಗಿಸುತ್ತಿದ್ದರು. ಆದರೆ ಅಷ್ಟು ದೂರದಿಂದ ಬರುವ ಅತಿಥಿಗೆ ಇಲ್ಲ ಎನ್ನುವುದು ಮೈಸೂರಿನವಳಾದ ನನ್ನಿಂದಾಗದ ಕೆಲಸ. “ಬರ್ಲಿ ಬಿಡಕ್ಕ, ನೋಡೋಣ” ಅಂದುಬಿಟ್ಟೆ. ಆಮೇಲೆ ಮೂರು ವಾರ ಆ ‘ನೋಡೋಣ’ವನ್ನೇ ನೋಡುತ್ತ ಕೂತೆ.

ಅದರ ಮೇಲೊಂದು ಸಂಕಟ. ಒಂಬತ್ತು ವರ್ಷದ ಮಗಳು ಸಿರಿ, ಯುಗಾದಿಯ ತರಗತಿಯೇ ಕೊನೆ, ಆಮೇಲೆ ಕನ್ನಡ ಶಾಲೆಗೆ ಕಾಲಿಡುವುದಿಲ್ಲ ಎಂದು ಸಾರಿದ್ದಳು. “ಪದ್ಯ ಎಲ್ಲಾ ಬೈಹಾರ್ಟ್ ಮಾಡಿಸ್ತಾರೆ ಅಮ್ಮಾ, ಮೀನಿಂಗೇ ಗೊತ್ತಾಗಲ್ಲ. ವಾಟ್ಸ್ ದ ಪಾಯಿಂಟ್?” ಅವಳು ಬಿಟ್ಟರೆ ನಮ್ಮ ಮನೆಯ ಕನ್ನಡ ನನ್ನೊಂದಿಗೇ ಮುಗಿಯುತ್ತದೆಂಬ ಭಯ ನನಗೆ.

ಅವರು ಬಂದದ್ದು ಸರಿಯಾಗಿ ಆ ಯುಗಾದಿ ತರಗತಿಯ ಭಾನುವಾರವೇ. ಯುಟ್ರೆಕ್ಟ್ ನಿಲ್ದಾಣದಲ್ಲಿ ರೈಲಿಳಿದರು: ಆರಡಿ ಎತ್ತರ, ಇಸ್ತ್ರಿ ಮುರಿಯದ ಕಪ್ಪು ಸೂಟು, ಕಂಕುಳಲ್ಲಿ ಮುತ್ತಜ್ಜನ ಪ್ರಾರ್ಥನಾ ಪುಸ್ತಕ. ದಾರಿಯುದ್ದಕ್ಕೂ ತೆರೆದ ಅಂಗಡಿಗಳನ್ನು ಕಂಡು ತಲೆ ಕೊಡವುತ್ತಿದ್ದರು. ಆ ಮುತ್ತಜ್ಜನ ಮಗಳಾದ ಅವರಜ್ಜಿ ಹೇಳುತ್ತಿದ್ದ ಹಾಲೆಂಡಿನಲ್ಲಿ ಭಾನುವಾರ ಗಾಳಿಯಂತ್ರ ಕೂಡ ತಿರುಗುತ್ತಿರಲಿಲ್ಲವಂತೆ. ಕಾರಿನಲ್ಲಿ ನಾನು ನಿಜ ಹೇಳಲು ಮೂರು ಸಲ ಬಾಯಿ ತೆರೆದು, ಮೂರು ಸಲವೂ ಹವಾಮಾನದ ಬಗ್ಗೆ ಮಾತಾಡಿದೆ. ಬಾಗಿಲ ಬಳಿ ಬರುತ್ತಿದ್ದಂತೆ ಒಳಗಿನಿಂದ ಮಕ್ಕಳ ಹಾಡು ಕೇಳಿಸಿತು. ಆ ಹಿರಿಯರ ಮುಖ ಅರಳಿದ್ದನ್ನು ಕಂಡು ನನಗೆ ಅಳುವೇ ಬಂತು. ಅವರು ಹ್ಯಾಟು ತೆಗೆದು ಒಳಹೊಕ್ಕರು. ಹಳೆಯ ಚರ್ಚಿನ ಬೆಂಚುಗಳ ಮೇಲೆ ನಮ್ಮ ಮಕ್ಕಳು, ಗೋಡೆಯ ಮೇಲೆ ಕನ್ನಡ ವರ್ಣಮಾಲೆ, ಎಲ್ಲೆಲ್ಲೂ ಬಿಸಿಬೇಳೆಬಾತಿನ ಘಮ.

ನಾನು ತಪ್ಪೊಪ್ಪಿಕೊಂಡೆ. ಅವರು ಕೊನೆಯ ಬೆಂಚಿನಲ್ಲಿ ಕೂತು, ಅದರ ಮರವನ್ನು ಅಂಗೈಯಿಂದ ಸವರಿದರು. ಆಮೇಲೆ, ಇದು ಯಾವ ಭಾಷೆ, ಸರ್ಕಾರ ಕಲಿಸುತ್ತದೆಯೇ ಎಂದು ವಿಚಾರಿಸಿದರು. ಇಲ್ಲ, ಅಮ್ಮಂದಿರು, ಅಜ್ಜಿಯರು ಸೇರಿ ನಾವೇ ಕಲಿಸುವುದು ಎಂದೆ. “ಹಾಗಾದರೆ ಸರಿ. ನನ್ನ ಮಸೂದೆ ಇದ್ದದ್ದು ಸರ್ಕಾರಕ್ಕೆ, ಅಜ್ಜಿಯರಿಗಲ್ಲ,” ಎಂದು ಮೊದಲ ಬಾರಿ ನಕ್ಕರು. ನನಗೂ ನಗು ಬಂತು. ಬೆಂಗಳೂರಿನ ಅಂಗಡಿ ಬೋರ್ಡುಗಳಲ್ಲಿ ಕನ್ನಡವೇ ಮೇಲಿರಬೇಕೆಂದು ಹಠ ಹಿಡಿಯುವವಳು ನಾನು. ಪರರ ನೆಲದಲ್ಲಿ, ಪರರ ಬೆಂಚಿನ ಮೇಲೆ ಮಕ್ಕಳನ್ನು ಕೂರಿಸಿ ಅಆಇಈ ಹೇಳಿಸುವವಳೂ ನಾನೇ. ಅವರನ್ನು ಪೂರ್ತಿಯಾಗಿ ಬೈಯುವ ಹಕ್ಕು ನನಗೆಲ್ಲಿಂದ ಬರಬೇಕು?

ಊಟಕ್ಕೆ ಕೂತೆವು. ಮೊಸರನ್ನಕ್ಕೆಂದು ತೆಗೆದ ಅಕ್ಕನ ಉಪ್ಪಿನಕಾಯಿ ಬಾಟಲಿ ಜಪ್ಪಯ್ಯ ಎಂದರೂ ತೆರೆಯದು. ನಾಲ್ವರು ಸಾಫ್ಟ್‌ವೇರ್ ಎಂಜಿನಿಯರುಗಳು ಒಬ್ಬರಾದ ಮೇಲೊಬ್ಬರು ಸೋತರು. ಎಂಎಲ್ಎ ಸಾಹೇಬರು ಕೋಟಿನ ಜೇಬಿನಿಂದ ಕೆಂಪು ಬಿಲ್ಲೆ ತೆಗೆದರು. ಟಪ್! ಮಕ್ಕಳು ಚಪ್ಪಾಳೆ ತಟ್ಟಿದರು. ನಂತರ ಅವರು ಕಣ್ಣು ಮುಚ್ಚಿ, ಕೈ ಜೋಡಿಸಿ, ನಾಲ್ಕು ಸಾಲಿನ ಪ್ರಾರ್ಥನೆ ಹೇಳಿದರು. ಡಚ್ಚಿನದು, ಅಜ್ಜಿ ಬಾಯಿಪಾಠ ಮಾಡಿಸಿದ್ದು. ಅರ್ಥ ಕೇಳುವಷ್ಟು ತಾನು ದೊಡ್ಡವನಾಗುವುದರೊಳಗೆ ಅಜ್ಜಿ ತೀರಿಕೊಂಡರು ಎಂದರು.

ಎದುರಿಗೆ ಕೂತಿದ್ದ ಸಿರಿ ಕಿಸಕ್ಕನೆ ನಕ್ಕಳು. “ಅಮ್ಮಾ, ಇವ್ರ ಡಚ್ ತುಂಬಾ ಹಳೇದು! ಆದ್ರೆ ನಂಗೆ ಅರ್ಥ ಆಯ್ತು.” ಅವರತ್ತ ತಿರುಗಿ, ಒಂದೊಂದೇ ಸಾಲನ್ನು ಇಂಗ್ಲಿಷಿನಲ್ಲಿ ಬಿಡಿಸಿದಳು. ಕೊಟ್ಟ ಅನ್ನಕ್ಕೆ ವಂದನೆ. ಬೆಳೆದ ಕೈಗೆ ವಂದನೆ. ದಾರಿಯಲ್ಲಿರುವವರನ್ನು ಕಾಪಾಡು. ಬಾಗಿಲಿಗೆ ಬಂದ ಪರದೇಶಿಗೆ ಮೊದಲ ತುತ್ತು ಸಿಗಲಿ. ಕೊನೆಯ ಸಾಲನ್ನು ಅವರು ಇನ್ನೊಮ್ಮೆ ಹೇಳಿಸಿದರು. “ಹದಿನಾರು ವರ್ಷ ಬೇಡ ಬೇಡ ಎಂದೆ. ಇದಕ್ಕೆ ಮಾತ್ರ ಎಪ್ಪತ್ತು ವರ್ಷದಿಂದ ದಿನಕ್ಕೆ ಮೂರು ಸಲ ಆಮೆನ್ ಅನ್ನುತ್ತ ಬಂದಿದ್ದೇನೆ,” ಎಂದು ಹಳೆಯ ಚಾವಣಿ ಮೊಳಗುವಂತೆ ನಕ್ಕರು. ಕಣ್ಣೊರೆಸಿಕೊಂಡದ್ದು ಉಪ್ಪಿನಕಾಯಿಯ ಖಾರಕ್ಕೆ ಎಂದು ನಾವೆಲ್ಲ ನಂಬಿದೆವು.

ಅಂದಿನಿಂದ ಅವರು ಬದಲಾಗಿಬಿಟ್ಟರೆಂದು ಹೇಳಿದರೆ ನೀವು ನಂಬಬೇಡಿ. ಅಕ್ಕನೊಡನೆ ಜಗಳ ಇಂದಿಗೂ ಸಾಂಗವಾಗಿ ನಡೆದಿದೆ. ಬಿಟ್ಟು ಬಂದವರೆಲ್ಲ ತಮ್ಮ ನಾಡನ್ನು ಉಪ್ಪು ಹಾಕಿ ಭರಣಿಯಲ್ಲಿ ತುಂಬಿಕೊಂಡು ಬರುತ್ತಾರೆ. ನಾಡು ತನ್ನ ಪಾಡಿಗೆ ಮುಂದೆ ಹೋಗುತ್ತದೆ, ಭರಣಿಯೊಳಗಿನದು ಹಾಗೇ ಇರುತ್ತದೆ. ಅವರದು ಅಜ್ಜಿ ಕಾಲದ ಹಾಲೆಂಡು, ನನ್ನದು ನಾನು ಬಿಟ್ಟ ದಿನದ ಮೈಸೂರು. ಮುಚ್ಚಳ ಬಿಗಿಯಾಗಿರುವುದು ತಪ್ಪಲ್ಲ, ಸಡಿಲವಾದರೆ ಒಳಗಿನದು ಬೂಸಲು ಹಿಡಿಯುತ್ತದೆ. ಆದರೆ ಊಟದ ಹೊತ್ತಿಗೆ ಅದನ್ನು ತೆರೆಯುವವರೊಬ್ಬರು ಬೇಕು, ಅವರು ಮನೆಯವರೇ ಆಗಿರಬೇಕೆಂದೇನೂ ಇಲ್ಲ.

ಹೊರಡುವಾಗ ಅವರು ಬಿಲ್ಲೆಯನ್ನು ಸಿರಿಯ ಕೈಗಿತ್ತರು. ಅವತ್ತು ಸಂಜೆ ಅವಳೇ ಸ್ಟೂಲು ಎಳೆದು, ಹತ್ತಿ, ಅದನ್ನು ಈ ಮೊಳೆಗೆ ತೂಗುಹಾಕಿದಳು. ಇಳಿಯದೆ ಅಲ್ಲೇ ನಿಂತು, “ಅಮ್ಮಾ, ಕನ್ನಡ ಶಾಲೇದು ಆ ಪದ್ಯ ಇನ್ನೊಂದ್ಸಲ ಹೇಳ್ಕೊಡು,” ಎಂದಳು.

“ಮೀನಿಂಗ್ ಗೊತ್ತಿಲ್ದೇ ಇದ್ರೂನಾ?” ಎಂದೆ.

“ಪರ್ವಾಗಿಲ್ಲ. ಮುಂದೆ ಯಾರಾದ್ರೂ ಒಬ್ಳು ಹುಡುಗಿ ಬಂದು ಹೇಳ್ತಾಳೆ.”