ಗಿಣ್ಣದ ನಡುವಿನ ತುಂಡು

ನರ್ಸ್ ಕೆಲಸದ ಮೇಲೆ ಗುಂಜಿ ಹಳ್ಳಿಗೆ ಹೋದಾಗ ನಾನೂ ಐದು ತಿಂಗಳ ಬಸುರಿ. ಎಮ್ಮೆ ಸಾಕುವ ಗೌಳಿ ಆಯಿಯ ಮನೆಯಲ್ಲಿ ಕೂತು ಮೂವರು ಬಸುರಿಯರಿಗೆ, "ಹಸಿ ಹಾಲು, ಅರೆಬೆಂದ ಗಿಣ್ಣ ತಿನ್ನಬ್ಯಾಡ್ರಿ, ಹೊಟ್ಟ್ಯಾಗಿನ ಕೂಸಿಗೆ ಅಪಾಯ" ಎಂದು ಹೇಳಿ ಮುಗಿಸಿದ್ದೆನಷ್ಟೆ. ಆಯಿ ಬಂದು ನನ್ನ ಮುಂದೆಯೇ ಗಿಣ್ಣದ ತಾಟಿಟ್ಟಳು. ಅವಳ ಎಮ್ಮೆ ಈದಿತ್ತು. ವಾರದಿಂದ ನನಗೆ ಅದರದೇ ಬಯಕೆ.

ಚಮಚ ಒತ್ತಿದೆ. ನಡುವೆ ಇನ್ನೂ ಹಾಲು ಜಿನುಗಿತು. ಆದರೂ ಚಮಚ ತುಟಿಯವರೆಗೆ ಬಂತು. ಮೂವರೂ ಅದನ್ನೇ ನೋಡುತ್ತಿದ್ದರು.

"ಆಯಿ, ಇದನ್ನ ಇನ್ನೊಮ್ಮೆ ಉಗಿಯಾಗ ಇಡ್ರಿ."

"ಬಸರಿ ಮುಂದ ಇಟ್ಟ ತಾಟ ನಾವು ಹೊಳ್ಳಿ ಎತ್ತೂದಿಲ್ಲ, ನರ್ಸ್ ಬಾಯಾರ. ನನ್ನ ಕೈಯಾಗ ವಿಷ ಐತೇನು?"

"ನೀವು ಎತ್ತಬ್ಯಾಡ್ರಿ" ಎಂದು ನಾನೇ ತಾಟು ಹಿಡಿದು ಎದ್ದು, ಒಲೆಯ ಮೇಲಿನ ಪಾತ್ರೆಯಲ್ಲಿಟ್ಟು ಮುಚ್ಚಿದೆ. ಆಯಿ ಮುಖ ತಿರುವಿ ಕೂತಳು. ನಾನು ಹಿಡಿಯಬೇಕಿದ್ದ ಖಾನಾಪುರದ ಬಸ್ಸು ಹೋಯಿತು. ಕೊನೆಗೆ ಅವಳೇ ಎದ್ದು ನಡುವಿನ ತುಂಡು ಮುರಿದು ತೋರಿಸಿದಳು.

"ಗಟ್ಟಿ ಆಗೇತಿ. ಈಗರೆ ತಿನ್ರಿ."

ತಾಟು ಖಾಲಿ ಮಾಡಿದೆ.

ವರದಿಯಲ್ಲಿ "ತಿಳಿವಳಿಕೆ ಪಡೆದ ಬಸುರಿಯರು: ಮೂವರು" ಎಂದು ಬರೆದೆ. ತುಟಿಗೆ ಬಂದ ಆ ಚಮಚ ನೆನೆದರೆ, ನನ್ನನ್ನೂ ಸೇರಿಸಿ ನಾಲ್ವರು ಅಂತ ಬರೀಬೇಕಿತ್ತು.