ಹಡಗು ತಿರುಗಿಸುವ ಕೈಯ ರೊಟ್ಟಿ

ಉದಗೀರದ ನಮ್ಮ ಮನೆಯಲ್ಲಿ ಯಾರಾದರೂ ಮೀನು ಅಂದರೆ ಸಾಕು, ಆಯಿ, ಅಂದರೆ ನನ್ನಪ್ಪನ ತಾಯಿ, ಕೊರಳ ಲಿಂಗ ಹಿಡಿದುಕೊಂಡು "ಶಿವ ಶಿವ" ಅನ್ನುತ್ತಿದ್ದಳು. ಅಂಥ ಮನೆಯ ಮಗಳಿಗೆ, ಸಮುದ್ರವನ್ನೇ ಕಾಣದ ನನಗೆ, ಸಿಕ್ಕಿದ್ದು ಯಾವ ನೌಕರಿ? ಬಂದರಿಗೆ ಬರುವ ಪರದೇಶದ ಮೀನು ಹಡಗುಗಳ ತಪಾಸಣೆ! ಕಾಳಿನ ವ್ಯಾಪಾರಿಯಾದ ಅಪ್ಪ ಸರಕಾರಿ ನೌಕರಿಯ ಖುಷಿಗೆ ತನ್ನ ಅಡತಿ ಅಂಗಡಿ ತುಂಬ ಪೇಢೆ ಹಂಚಿದ. ಆಯಿ ಮಾತ್ರ, "ಹೋಗವ್ವಾ, ಬ್ಯಾಡ ಅನ್ನಾಂಗಿಲ್ಲ. ಖರೆ ಇನ್ನ ಮ್ಯಾಲ ಆ ಕೈಲೆ ಬಡದ ರೊಟ್ಟಿ ನಾ ಉಣ್ಣಾಂಗಿಲ್ಲ" ಅಂದಳು.

ನನಗೆ ರೊಟ್ಟಿ ಬಡಿಯಲು ಕಲಿಸಿದವಳೇ ಅವಳು. ನಾನು ಬಚ್ಚಲಿಗೆ ಹೋಗಿ ಅತ್ತೆ.

ಮೊದಲ ರಜೆಗೆ ಬಂದಾಗ ಊರೇ ಬದಲಾಗಿತ್ತು. ಮಗಳು ಹಡಗಿನ ಕಳ್ಳರನ್ನು ಹಿಡಿಯುತ್ತಾಳೆ ಅಂತ ಅಪ್ಪ ಹೇಳಿಕೊಂಡು ತಿರುಗಿದ್ದ. ಆ ಸುದ್ದಿ ಓಣಿ ದಾಟುವಷ್ಟರಲ್ಲಿ ಬಂಗಾರದ ಕಳ್ಳರಾಗಿತ್ತು. ನಾನು ಚಪ್ಪಲಿ ಬಿಡುವಷ್ಟರಲ್ಲೇ ಪಕ್ಕದ ಮನೆಯ ಕಾಕು ಓಡಿ ಬಂದು ಕಿವಿಯಲ್ಲಿ, "ಯವ್ವಾ, ಹಿಡದ ಬಂಗಾರ ಸಸ್ತಾ ಸಿಗ್ತದಂತಲ್ಲ? ನಮ್ಮ ಹುಡಿಗಿ ಲಗ್ನ ಅದ" ಅಂದಳು.

"ಬಂಗಾರ ಅಲ್ಲ ಕಾಕು, ಮೀನಾ!"

"ಅಗ ಬಾಯಿ!" ಕಾಕು ಸೆರಗನ್ನು ಮೂಗಿಗೆ ಒತ್ತಿಕೊಂಡಳು. ನನಗೆ ನಗು ತಡೆಯಲಾಗಲಿಲ್ಲ.

ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಆಯಿ ಮೊರ ನಿಲ್ಲಿಸಿದಳು. "ಖರೆ ಹೇಳ ಪೋರಿ, ಮೀನಾ ಹಿಡೀತಿ ಏನ?"

"ಇಲ್ಲ ಆಯಿ. ಹೊರದೇಶದ ಹಡಗ ಬರೂಕಿಂತ ಮೊದ್ಲ ನಮ್ಮ ಪರವಾನಗಿ ಕೇಳಬೇಕು. ಕದ್ದ ಹಿಡದ ಮಾಲ ಅಂದ್ರ ಹೊರಗಿಂದನೇ ತಿರಗಿಸಿ ಕಳಸ್ತೀವಿ."

"ಬ್ಯಾರೆ ಬಂದರಕ್ಕ ಹೋದ್ರ?"

"ಅವ್ರಿಗೂ ಸುದ್ದಿ ಮುಟ್ಟಸ್ತೀವಿ. ಅಲ್ಲೂ ಬಿಡಾಂಗಿಲ್ಲ."

ಆಯಿಯ ಮುಖ ಅರಳಿತು. "ನಮ್ಮ ಬೀಗರಂಗೇ ಆತಲ್ಲ! ನಿಲಂಗಾ ಊರಾಗ ಒಂದ ವರಾ ಬ್ಯಾಡ ಅಂದ್ರ, ಅಂವಾ ಬಸ್ ಹತ್ತಿ ಉಮರ್ಗಾ ಮುಟ್ಟೂದ್ರಾಗ ಸುದ್ದಿ ಹೋಗಿ ಅಲ್ಲೂ ಬಾಗಲಾ ಬಂದ್!" ಮೊರದ ಜೋಳ ಚೆಲ್ಲಿತು. ಕಾಕು ಹೊಟ್ಟೆ ಹಿಡಿದುಕೊಂಡು ಕಟ್ಟೆಯ ಮೇಲೇ ಕುಸಿದಳು, ನಾನು ಅವಳ ಮೇಲೆ ಬಿದ್ದೆ. ಎಷ್ಟು ನಕ್ಕೆವೋ, ಅಪ್ಪ ಮನೆ ಮುಂದಿನ ಅಂಗಡಿಯಿಂದ ಇಣುಕಿ ನೋಡಿದ.

ಆಯಿಯ ನಗು ತಟ್ಟನೆ ನಿಂತಿತು. "ಅಲ್ಲವ್ವಾ, ಹಡಗಿನ್ಯಾಗ ಮಂದಿ ಇರ್ತಾರಲ್ಲ? ಹಸದ ಬಂದಿದ್ರ?"

ಬಾಗಿಲಿಗೆ ಬಂದವನು ಕಳ್ಳನಾದರೂ ಉಂಡೇ ಹೋಗಬೇಕು, ಇದು ನಮ್ಮ ಮನೆಯ ನೇಮ.

"ಮಾಲ ಇಳಿಸಗೊಡಾಂಗಿಲ್ಲ ಆಯಿ, ಜಡ್ಡ ಬಿದ್ದ ಮನಶಾನ್ನ ಇಳಸ್ಕೋತೀವಿ. ಹ್ವಾದ ತಿಂಗಳ ಒಬ್ಬಾಂವ ಜ್ವರದಾಗ ಬಂದಿದ್ದ. ಅವನ ಮಾತ ನನಗ ತಿಳೀಲಿಲ್ಲ, ನನ್ನ ಮಾತ ಅವಗ ತಿಳೀಲಿಲ್ಲ. ಹೊಟ್ಟಿ ಮುಟ್ಟಿ ತೋರಿಸಿದ. ದವಾಖಾನಿ ಗಾಡಿ ಬರೂತನಕಾ ನನ್ನ ಡಬ್ಬಿ ಕೊಟ್ಟೆ. ರೊಟ್ಟಿ, ಶೇಂಗಾ ಹಿಂಡಿ ಚಟ್ನಿ."

"ಉಂಡನ?"

"ಖಾರಕ್ಕ ಕಣ್ಣಾಗ, ಮೂಗಿನ್ಯಾಗ ನೀರ ಸುರೀತು. ಡಬ್ಬಿ ಮಾತ್ರ ಬಿಡಲಿಲ್ಲ!"

"ಯಾರ ಬಡದಿದ್ರು ಆ ರೊಟ್ಟಿ?"

"ನಾನೇ, ಆಯಿ."

ಆಯಿ ಮೊರವನ್ನು ಗೋಡೆಗೆ ಆನಿಸಿ, ಮಂಡಿ ಹಿಡಿದುಕೊಂಡು ಎದ್ದಳು. "ಮೀನಾ ಹಿಡಿಯಾಂವ ನಿನ್ನ ಕೈ ರೊಟ್ಟಿ ಉಂಡಾನ, ಕಲಿಸಿದಾಕಿ ನಾ ಯಾಕ ಉಪಾಸ ಇರಲಿ? ಏಳ, ಹಿಟ್ಟ ನಾದ."